ಆ ಹಳದಿ ನೀರು ಇನ್ನು ಯಾರ ಬಸಿರಿನಲ್ಲೂ ಕಾಣದಿರಲಿ

ಗರ್ಭದ ನೀರಿನ ಬಾಟಲಿ ನಮ್ಮ ಲ್ಯಾಬಿಗೆ ಬರುವಾಗ ಸುತ್ತಲೂ ಕಪ್ಪು ಕಾಗದ ಸುತ್ತಿರುತ್ತಿದ್ದರು. ಬೆಳಕು ಬಿದ್ದರೆ ಅದರೊಳಗಿನ ಬಿಲಿರುಬಿನ್ ಎಂಬ ಹಳದಿ ಅಂಶ ಕೆಟ್ಟು ಲೆಕ್ಕ ತಪ್ಪುತ್ತದೆ. ನಾನು ಟೆಕ್ನಿಷಿಯನ್ ಆಗಿ ಸೇರಿದ ಹೊಸತು. ಒಂದು ಮಧ್ಯಾಹ್ನ ಕಾಗದ ಬಿಚ್ಚಿದಾಗ ಕಂಡ ಬಣ್ಣ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಎಳನೀರಿನಂತೆ ತೆಳ್ಳಗೆ, ತಿಳಿಯಾಗಿ ಇರಬೇಕಾದದ್ದು ಅರಿಸಿನ ಕದಡಿದ ನೀರಿನಂತಿತ್ತು.

ಬೆಳಕನ್ನು ಅಳೆಯುವ ಯಂತ್ರದಲ್ಲಿಟ್ಟು 350ರಿಂದ 700 ನ್ಯಾನೋಮೀಟರ್‌ವರೆಗೆ ಒಂದೊಂದೇ ರೀಡಿಂಗ್ ತೆಗೆದು, ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಟ್ಟು ಸೇರಿಸಿದೆ. ಇಳಿಜಾರಾಗಿ ಹೋಗಬೇಕಾದ ಗೆರೆ 450ರ ಹತ್ತಿರ ಗುಡ್ಡದಂತೆ ಉಬ್ಬಿತು. ಆ ಉಬ್ಬಿನ ಎತ್ತರವನ್ನು ಬಸಿರಿನ ವಾರಗಳಿಗೆ ಹೊಂದಿಸಿ ಮಗುವಿನ ಸ್ಥಿತಿ ಹೇಳುವ ಮೂರು ವಲಯದ ಪಟ್ಟಿಯನ್ನು ನ್ಯೂಜಿಲೆಂಡಿನ ಆಕ್ಲೆಂಡ್‌ನ ವೈದ್ಯ ವಿಲಿಯಂ ಲೈಲಿ 1961ರಲ್ಲಿ ಕೊಟ್ಟಿದ್ದರು. ನಾನಿಟ್ಟ ಗುರುತು ಮೂರನೆಯ ವಲಯದೊಳಗೆ ಬಿತ್ತು. ಒಳಗಿನ ಕೂಸು ರಕ್ತವಿಲ್ಲದೆ ಸಾಯುತ್ತಿದೆ ಎಂದು ಅದರ ಅರ್ಥ. ಕಿಟಕಿಯಾಚೆ ಆ ಬಸಿರಿ ಹೆಣ್ಣುಮಗಳ ತಾಯಿ ನಿಂತಿದ್ದರು. “ನೀರು ನೋಡಿದ್ರಾ ಸ್ವಾಮಿ, ಮಗು ಹೆಂಗೈತೆ?” ಎಂದರು. ವೈದ್ಯರನ್ನು ಕೇಳಿ ಎಂದಷ್ಟೇ ಹೇಳಲು ನನಗೆ ಬಾಯಿ ಬಂತು. ಮೂರು ದಿನದ ಮೇಲೆ ಕೂಸು ಹೊಟ್ಟೆಯಲ್ಲೇ ತೀರಿಕೊಂಡಿತು.

ಅವಳ ಹಿಂದಿನ ಚೀಟಿಗಳನ್ನು ಆಮೇಲೆ ನೋಡಿದೆ. ಚೊಚ್ಚಲು ಮಗು ಗಟ್ಟಿಮುಟ್ಟಾಗಿತ್ತು. ಎರಡನೆಯದು ಮೂರು ತಿಂಗಳಿಗೆ ಇಳಿದುಹೋಗಿತ್ತು. ಅವಳ ರಕ್ತ ನೆಗೆಟಿವ್, ಗಂಡನದು ಪಾಸಿಟಿವ್. ಎರಡು ಸಲವೂ ಯಾರೂ ಅವಳಿಗೆ ಆಂಟಿ-ಡಿ ಇಂಜೆಕ್ಷನ್ ಕೊಟ್ಟಿರಲಿಲ್ಲ. 1968ರಿಂದಲೇ ಲೋಕದಲ್ಲಿ ಬಳಕೆಗೆ ಬಂದಿದ್ದ ಇಂಜೆಕ್ಷನ್ ಅದು.

ನಡೆಯುವುದು ಇಷ್ಟು. ಹೆರಿಗೆಯಲ್ಲೋ ಗರ್ಭಪಾತದಲ್ಲೋ ಮಗುವಿನ ಪಾಸಿಟಿವ್ ರಕ್ತದ ಒಂದಿಷ್ಟು ಕಣಗಳು ತಾಯಿಯ ರಕ್ತಕ್ಕೆ ಸೇರುತ್ತವೆ. ತಾಯಿಯ ಮೈ ಅದನ್ನು ಪರಕೀಯವೆಂದು ಬಗೆದು ಆಂಟಿಬಾಡಿ ಕಟ್ಟಿಕೊಳ್ಳುತ್ತದೆ. ಆ ಮಗು ಆಗಲೇ ಹೊರಗೆ ಬಂದಿರುವುದರಿಂದ ಸಾಮಾನ್ಯವಾಗಿ ಅದಕ್ಕೆ ತೊಂದರೆಯಿಲ್ಲ. ಏಟು ಬೀಳುವುದು ಮುಂದಿನ ಪಾಸಿಟಿವ್ ಮಗುವಿಗೆ. ಆ ಆಂಟಿಬಾಡಿಯಿಂದ ಅದರ ರಕ್ತಕಣಗಳು ಒಡೆಯುತ್ತಾ ಹೋಗುತ್ತವೆ, ಒಡೆದ ಕಣಗಳ ಹಳದಿಯೇ ಗರ್ಭದ ನೀರಿಗಿಳಿಯುತ್ತದೆ. ಆಂಟಿಬಾಡಿ ಒಮ್ಮೆ ಹುಟ್ಟಿತೋ, ಆಮೇಲೆ ಎಷ್ಟು ಇಂಜೆಕ್ಷನ್ ಕೊಟ್ಟರೂ ಪ್ರಯೋಜನವಿಲ್ಲ. ಅದು ಹುಟ್ಟದಂತೆ ತಡೆಯುವುದೇ ಆಂಟಿ-ಡಿಯ ಕೆಲಸ, ಹುಟ್ಟುವ ಮೊದಲೇ ಕೊಡಬೇಕು.

ಈಗ ಆ ಬಾಟಲಿಗಳು ಲ್ಯಾಬಿಗೆ ಬರುವುದು ಹೆಚ್ಚುಕಡಿಮೆ ನಿಂತೇಹೋಗಿದೆ. ನೆತ್ತರು ತೆಳುವಾದರೆ ಮಗುವಿನ ಮೆದುಳಿನ ನಾಳದಲ್ಲಿ ಅದರ ಓಟ ಜೋರಾಗುತ್ತದೆ. ಹೊಟ್ಟೆಗೆ ಸೂಜಿ ಚುಚ್ಚದೆಯೇ ಡಾಪ್ಲರ್ ಸ್ಕ್ಯಾನಿನಲ್ಲಿ ಅದನ್ನು ಅಳೆಯುತ್ತಾರೆ. ಹೊಟ್ಟೆಯೊಳಗಿನ ಮಗುವಿಗೇ ರಕ್ತ ಕೊಡುವ ವಿದ್ಯೆಯೂ ಇದೆ. 1963ರಲ್ಲಿ ಅದನ್ನು ಮೊದಲು ಸಾಧಿಸಿದವರೂ ಅದೇ ಲೈಲಿ. ಆದರೆ ಅದೆಲ್ಲ ದೊಡ್ಡ ಊರಿನ ದೊಡ್ಡ ಆಸ್ಪತ್ರೆಯ ಮಾತು. ನಾನು ಬೇಡಿಕೊಳ್ಳುತ್ತಿರುವುದು ಅಲ್ಲಿಯವರೆಗೆ ಹೋಗುವ ಪರಿಸ್ಥಿತಿಯೇ ಬಾರದಿರಲಿ ಎಂದು.

ನಮ್ಮಲ್ಲಿ ನೂರಕ್ಕೆ ಸುಮಾರು ಐದು ಜನರ ರಕ್ತ ನೆಗೆಟಿವ್. ನಿಮ್ಮ ಮನೆಯಲ್ಲೂ ಒಬ್ಬರಿರಬಹುದು. ಬಸಿರಿ ಇರುವ ಮನೆಯವರು ದಯವಿಟ್ಟು ಇವತ್ತೇ ತಾಯಿ ಕಾರ್ಡು ತೆಗೆದು ರಕ್ತದ ಗುಂಪಿನ ಜಾಗ ನೋಡಿ. ಖಾಲಿಯಿದ್ದರೆ ಬರೆಸಿ. ನೆಗೆಟಿವ್ ಎಂದಿದ್ದರೆ ಹೆದರಬೇಡಿ, ಅದು ರೋಗವಲ್ಲ, ಹೆಣ್ಣಿನ ಐಬಂತೂ ಖಂಡಿತ ಅಲ್ಲ. ಆಂಟಿಬಾಡಿ ಹುಟ್ಟಿದೆಯೇ ಎಂದು ತಿಳಿಯಲು ಇಂಡೈರೆಕ್ಟ್ ಕೂಂಬ್ಸ್ ಪರೀಕ್ಷೆ ಮಾಡಿಸಿ. ಇಲ್ಲವೆಂದಾದರೆ 28ನೇ ವಾರಕ್ಕೆ ಒಂದು ಇಂಜೆಕ್ಷನ್, ಮಗು ಪಾಸಿಟಿವ್ ಎಂದು ತಿಳಿದರೆ ಹೆರಿಗೆಯಾದ 72 ಗಂಟೆಯೊಳಗೆ ಇನ್ನೊಂದು. ಹೆರಿಗೆಯ ನಂತರದ ಇಂಜೆಕ್ಷನ್ ಒಂದರಿಂದಲೇ ಆಂಟಿಬಾಡಿ ಹುಟ್ಟುವ ಸಂಭವ ನೂರಕ್ಕೆ ಸುಮಾರು ಹದಿನಾರರಿಂದ ಎರಡರ ಆಸುಪಾಸಿಗೆ ಇಳಿಯುತ್ತದೆ. 28ನೇ ವಾರದ್ದೂ ಸೇರಿದರೆ ಇನ್ನೂ ಕೆಳಕ್ಕೆ. 72 ಗಂಟೆ ದಾಟಿತೆಂದು ಸುಮ್ಮನಾಗಬೇಡಿ, ವೈದ್ಯರನ್ನು ಕೇಳಿ, ಕೆಲವು ದಿನ ತಡವಾಗಿ ಕೊಟ್ಟರೂ ಒಂದಿಷ್ಟು ರಕ್ಷಣೆ ಸಿಗುವುದುಂಟು.

ಗರ್ಭಪಾತದ ವಿಷಯದಲ್ಲೇ ನಾವು ಹೆಚ್ಚು ಎಡವುತ್ತೇವೆ. ಮಗುವೇ ಉಳಿಯಲಿಲ್ಲವಲ್ಲ, ಇನ್ನೆಂಥ ಇಂಜೆಕ್ಷನ್ ಎಂದು ಮನೆಗೆ ಹೊರಟುಬಿಡುತ್ತೇವೆ. ಗುಟ್ಟಾಗಿ ಮಾತ್ರೆ ನುಂಗಿ ತೆಗೆಸಿಕೊಂಡವರಂತೂ ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ. ತಾಯಂದಿರೇ, ಬೇರೆ ಯಾರಿಗೂ ಹೇಳದಿದ್ದರೂ ವೈದ್ಯರಿಗೆ ಹೇಳಿ.

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವಾಗ ಸೀರೆ, ಬಳೆ, ಹೂವಿನ ಜೊತೆ ಆ ಕಾರ್ಡೂ ಹೋಗಲಿ. ತವರಿನ ಹತ್ತಿರದ ಆಸ್ಪತ್ರೆಯಲ್ಲಿ ಈ ಇಂಜೆಕ್ಷನ್ ಇದೆಯೇ ಎಂದು ತಿಂಗಳು ಮುಂಚೆಯೇ ವಿಚಾರಿಸಿ. ಅದನ್ನು ಫ್ರಿಜ್ಜಿನಲ್ಲಿಡಬೇಕು, ಎಲ್ಲ ಮೆಡಿಕಲ್ ಶಾಪಿನಲ್ಲೂ ಸಿಗುವುದಿಲ್ಲ. ಹೆರಿಗೆಯಾದ ರಾತ್ರಿ ಗಂಡ ಊರೂರು ಅಲೆದು ಬರುವಷ್ಟರಲ್ಲಿ ಆ 72 ಗಂಟೆ ಕಳೆದುಹೋಗಬಾರದು.