ಬೆರಳಚ್ಚು ಕೊಟ್ಟರೆ ಕಳ್ಳಮತ ನಿಲ್ಲುತ್ತಾ? ಚೆನ್ನೈ ಲೆಕ್ಕ ಹೇಳೋದೇ ಬೇರೆ

ಚೆನ್ನೈ: ಮತಗಟ್ಟೆಯಲ್ಲಿ ಬೆರಳಚ್ಚು ಅಥವಾ ಮುಖ ಸ್ಕ್ಯಾನ್ ಮಾಡಿಯೇ ಮತದಾನಕ್ಕೆ ಬಿಡಬೇಕು ಎಂಬ ಬೇಡಿಕೆ ಚುನಾವಣೆ ಬಂದಾಗಲೆಲ್ಲ ಕೇಳಿಬರುತ್ತದೆ. ಈ ಚಿಂತನೆಗೆ ಚೆನ್ನೈ ನಂಟೂ ಇದೆ. ದೂರದ ಊರಿನಲ್ಲಿರುವವರೂ ಮತ ಹಾಕುವಂತೆ ಬ್ಲಾಕ್‌ಚೈನ್ ವ್ಯವಸ್ಥೆ ರೂಪಿಸಲು ಚುನಾವಣಾ ಆಯೋಗ 2020ರಲ್ಲಿ ಐಐಟಿ ಮದ್ರಾಸ್ ಜೊತೆ ಕೈಜೋಡಿಸಿತ್ತು. ಬಯೋಮೆಟ್ರಿಕ್ ಉಪಕರಣ ಮತ್ತು ವೆಬ್ ಕ್ಯಾಮೆರಾ ಬಳಸಿ ಮತದಾರರನ್ನು ಗುರುತಿಸುವ ಆಲೋಚನೆ ಅದರಲ್ಲಿತ್ತು. ಅದೇ ವರ್ಷ ಜನವರಿಯಲ್ಲಿ ತೆಲಂಗಾಣದ ಕೊಂಪಲ್ಲಿ ಪುರಸಭೆ ಚುನಾವಣೆಯ 10 ಮತಗಟ್ಟೆಗಳಲ್ಲಿ ಮುಖ ಗುರುತಿಸುವ ಆ್ಯಪ್‌ನ ಪ್ರಯೋಗ ನಡೆದಿತ್ತು.

ಹಾಗಾದರೆ ಯಂತ್ರ ಬಂದರೆ ಸಮಸ್ಯೆ ಬಗೆಹರಿಯುತ್ತದೆಯೇ?

ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆಯ (ಎಸ್‌ಐಆರ್) ಬಳಿಕ 2025ರ ಡಿಸೆಂಬರ್ 19ರಂದು ತಮಿಳುನಾಡಿನ ಕರಡು ಪಟ್ಟಿ ಪ್ರಕಟವಾಯಿತು. ಚೆನ್ನೈ ಜಿಲ್ಲೆಯೊಂದರಲ್ಲೇ 14.25 ಲಕ್ಷ ಹೆಸರುಗಳು ಕೈಬಿಟ್ಟಿದ್ದವು. ಇವರಲ್ಲಿ 12 ಲಕ್ಷಕ್ಕೂ ಹೆಚ್ಚು ಮಂದಿ ವಿಳಾಸ ಬದಲಿಸಿದವರು, ಸುಮಾರು ಒಂದೂವರೆ ಲಕ್ಷ ಮಂದಿ ಮೃತಪಟ್ಟವರು. ಎರಡು ಕಡೆ ಹೆಸರಿದ್ದವರು 20 ಸಾವಿರವೂ ಇರಲಿಲ್ಲ.

ಸತ್ತವರ ಹೆಸರಿನಲ್ಲಿ ಬಂದು ಮತ ಹಾಕುವವರನ್ನು ಬೆರಳಚ್ಚು ತಡೆಯಬಲ್ಲದು, ನಿಜ. ಆದರೆ ಬೆರಳು ‘ಈತ ಯಾರು’ ಎಂದು ಹೇಳುತ್ತದೆಯೇ ಹೊರತು ‘ಎಲ್ಲಿ ವಾಸವಿದ್ದಾನೆ’ ಎಂದು ಹೇಳುವುದಿಲ್ಲ. ಬಾಡಿಗೆ ಮನೆ ಬದಲಿಸುತ್ತಲೇ ಇರುವ ಮಹಾನಗರದಲ್ಲಿ ದೊಡ್ಡ ತಲೆನೋವು ಇದೇ. ಇನ್ನು ಪಟ್ಟಿಯಿಂದ ತಪ್ಪಾಗಿ ಹೆಸರು ಬಿಟ್ಟುಹೋದವರಿಗೆ ಮತಗಟ್ಟೆಯ ಯಂತ್ರದಿಂದ ಏನೂ ಪ್ರಯೋಜನವಿಲ್ಲ.

ಯಂತ್ರ ಕೈಕೊಟ್ಟರೆ?

ಘಾನಾದಲ್ಲಿ 2012ರಲ್ಲಿ ಬಯೋಮೆಟ್ರಿಕ್ ಯಂತ್ರಗಳು ಕೆಟ್ಟು, ಹಲವೆಡೆ ಮತದಾನವನ್ನು ಮರುದಿನಕ್ಕೂ ಮುಂದುವರಿಸಬೇಕಾಯಿತು. ನೈಜೀರಿಯಾದಲ್ಲಿ 2015ರಲ್ಲಿ ಆಗಿನ ಅಧ್ಯಕ್ಷ ಗುಡ್‌ಲಕ್ ಜೊನಾಥನ್ ಅವರ ಬೆರಳನ್ನೇ ಯಂತ್ರ ಗುರುತಿಸಲಿಲ್ಲ. ಕೊನೆಗೆ ಸಿಬ್ಬಂದಿ ಕೈಯಾರೆ ಪರಿಶೀಲಿಸಿ ಅವರಿಗೆ ಮತದಾನಕ್ಕೆ ಅವಕಾಶ ಕೊಟ್ಟರು. ಅಧ್ಯಕ್ಷರಿಗೆ ಸಿಕ್ಕ ಈ ಅವಕಾಶ ಸಿಮೆಂಟ್ ಕಲಸಿ, ಪಾತ್ರೆ ತಿಕ್ಕಿ ಬೆರಳಗೆರೆ ಸವೆದ ಕೂಲಿಕಾರರಿಗೂ ಸಿಗುವುದೇ ಎಂಬುದೇ ಇಲ್ಲಿನ ಪ್ರಶ್ನೆ. ಪಡಿತರ ಅಂಗಡಿಯಲ್ಲಿ ಬೆರಳು ಹೊಂದದಿದ್ದರೆ ನಾಳೆ ಮತ್ತೆ ಹೋಗಬಹುದು. ಮತದಾನಕ್ಕೆ ಇರುವುದು ಒಂದೇ ದಿನ.

ಹಾಗಾಗಿ ಬಯೋಮೆಟ್ರಿಕ್ ಜಾರಿಯಾದರೂ ಗುರುತಿನ ಚೀಟಿ ತೋರಿಸಿ ಮತ ಹಾಕುವ ದಾರಿ ತೆರೆದೇ ಇರಬೇಕು. ಅದಕ್ಕೂ ಮೊದಲು ಆಗಬೇಕಾದ ಕೆಲಸ ಮನೆ ಮನೆಗೆ ಹೋಗಿ ಪಟ್ಟಿ ಸರಿಪಡಿಸುವುದು. ಹೆಸರು ತೆಗೆಯುವ ಮುನ್ನ ಆ ಮತದಾರನಿಗೆ ಉತ್ತರಿಸಲು ಸಮಯ ಕೊಡುವುದೂ ಅದರಲ್ಲಿ ಸೇರಬೇಕು.