ಜಾಲಾರಿಯ ರಾಳ ಓದುವವರು ಬೇಕು

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ನೆಲದಲ್ಲಿ ಅಂಬರ್ ಸಿಗುವುದಿಲ್ಲ, ಸಿಗುವ ಸಾಧ್ಯತೆಯೂ ಇಲ್ಲ. ಮರದಿಂದ ಒಸರಿದ ರಾಳ ಕೆಸರಿನಡಿ ಹೂತು, ಗಾಳಿ ತಾಗದೆ ಲಕ್ಷಾಂತರ ವರ್ಷ ಉಳಿದು ಗಟ್ಟಿಯಾದರೆ ಅಂಬರ್ ಆಗುತ್ತದೆ. ಅದಕ್ಕೆ ಜೌಗು ಬೇಕು, ಕಡಲಂಚು ಬೇಕು, ಪದರದ ಮೇಲೆ ಪದರ ಹೂಳು ಬೀಳಬೇಕು. ಇಲ್ಲಿರುವುದಾದರೋ ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಮತ್ತು ಅದಕ್ಕಿಂತ ಹಿರಿಯ ನೈಸ್ ಶಿಲೆ. ಮಧುಗಿರಿಯ ಏಕಶಿಲಾ ಬೆಟ್ಟ ರೂಪುಗೊಂಡ ಕಾಲಕ್ಕೆ ಭೂಮಿಯ ಮೇಲೆ ಮರವೇ ಇರಲಿಲ್ಲ, ಇನ್ನು ಹುಳ ಎಲ್ಲಿಂದ ಬರಬೇಕು?

ಹಾಗಿದ್ದರೂ ಅಂಬರ್ ಅಧ್ಯಯನದ ಒಂದು ಮುಖ್ಯ ಕೆಲಸ ಈ ಸೀಮೆಯಲ್ಲಿ ನಡೆಯಬೇಕು ಎಂಬುದು ನನ್ನ ವಾದ. ಅದಕ್ಕೆ ಕಾರಣ ಎರಡು ಮರಗಳು. ದೇವರಾಯನದುರ್ಗದಿಂದ ಕೊರಟಗೆರೆ ಕಡೆಗೆ ಹಬ್ಬಿದ ಗುಡ್ಡಗಾಡಿನ ಜಾಲಾರಿ ಒಂದು, ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣ ಕಾಡಿನ ಕಮರ ಇನ್ನೊಂದು. ಜಾಲಾರಿಗೆ ಸಸ್ಯಶಾಸ್ತ್ರದಲ್ಲಿ ಶೋರಿಯಾ ರಾಕ್ಸ್‌ಬರ್ಗೈ ಎಂದು ಹೆಸರು. ಅದು ಡಿಪ್ಟೆರೋಕಾರ್ಪ್ ಕುಟುಂಬದ್ದು, ಗುಜರಾತಿನಲ್ಲಿ ಸಿಕ್ಕಿರುವ ಅಂಬರ್ ಒಸರಿದ್ದು ಇದೇ ಕುಟುಂಬದ ಮರಗಳಿಂದ. ಕಮರವಾದರೋ ನಮ್ಮ ಹುಣಸೆಯ ದಾಯಾದಿ. ಕೆರಿಬಿಯನ್‌ನ ಡೊಮಿನಿಕನ್ ಗಣರಾಜ್ಯದ ಹೆಸರಾಂತ ಅಂಬರನ್ನು ಕೊಟ್ಟ ಹೈಮೆನಿಯಾ ಎಂಬ ಮರವೂ ಅದೇ ಉಪಕುಟುಂಬಕ್ಕೆ ಸೇರಿದ್ದು. ಜಗತ್ತಿನ ಎರಡು ದೊಡ್ಡ ಅಂಬರ್ ವಂಶಗಳ ಕುಡಿಗಳು ಒಂದೇ ಜಿಲ್ಲೆಯ ಒಣಕಾಡಿನಲ್ಲಿ ಇಂದಿಗೂ ಜೀವಂತವಾಗಿವೆ.

ಮರದಿಂದ ಒಸರುವುದೆಲ್ಲ ರಾಳವಲ್ಲ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಕರಿಜಾಲಿಯ ಗೋಂದನ್ನು ರಾತ್ರಿ ಒಂದು ಲೋಟ ನೀರಿಗೆ ಹಾಕಿಟ್ಟರೆ ಬೆಳಗಾಗುವಷ್ಟರಲ್ಲಿ ಲೋಳೆಯಾಗಿರುತ್ತದೆ. ಅದು ಸಕ್ಕರೆಯ ಜಾತಿಯ ವಸ್ತು. ಜಾಲಾರಿಯ ರಾಳ ಎಷ್ಟು ದಿನ ನೆನೆದರೂ ಕರಗುವುದಿಲ್ಲ, ಕೆಂಡಕ್ಕೆ ಹಾಕಿದರೆ ಧೂಪದ ಹಾಗೆ ಹೊಗೆಯಾಡುತ್ತದೆ. ಇದು ಟರ್ಪೀನ್‌ಗಳ ಮಿಶ್ರಣ. ಅದರಲ್ಲಿನ ಹಗುರ ಎಣ್ಣೆಗಳು ಆರಿಹೋದ ಮೇಲೆ ಉಳಿದ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಗಟ್ಟಿಯಾಗುತ್ತವೆ. ಗೋಂದಿಗೆ ಅಂಟಿದ ಇರುವೆ ಮೊದಲ ಮಳೆಗೇ ತೊಳೆದುಹೋಗುತ್ತದೆ. ರಾಳಕ್ಕೆ ಅಂಟಿದ ಇರುವೆಯ ಮೇಲೆ ಮತ್ತೊಂದು ಒಸರು ಇಳಿದು ಮುಚ್ಚಿತೆಂದರೆ ಅದರ ಮೀಸೆ, ಕಾಲಿನ ರೋಮವೂ ಹಾಗೇ ಉಳಿಯುತ್ತದೆ. ಮರ ಇದನ್ನು ಮಾಡುವುದು ತನ್ನ ರಕ್ಷಣೆಗೆ. ಜಾಲಾರಿಯ ಹತ್ತಿರದ ನೆಂಟ ಉತ್ತರ ಭಾರತದ ಸಾಲ ಮರ. ಚೆನ್ನಾಗಿ ಬೆಳೆದ ಸಾಲ ಮರಗಳು ಕಾಂಡ ಕೊರೆಯುವ ದುಂಬಿಯ ಮರಿಯನ್ನು ರಾಳದಲ್ಲೇ ಮುಳುಗಿಸಿ ಕೊಲ್ಲುತ್ತವೆ.

ಈಗ ಗುಜರಾತಿನ ಮಾತು. ಸೂರತ್ ಜಿಲ್ಲೆಯ ವಸ್ತಾನ್ ಲಿಗ್ನೈಟ್ ಗಣಿಯಿಂದ 150 ಕಿಲೊಗೂ ಹೆಚ್ಚು ಅಂಬರ್ ಸಂಗ್ರಹಿಸಿ, ಅದರೊಳಗಿನ 700ಕ್ಕೂ ಹೆಚ್ಚು ಕೀಟ ಮತ್ತಿತರ ಸಂಧಿಪದಿಗಳನ್ನು ಭಾರತ, ಜರ್ಮನಿ, ಅಮೆರಿಕದ ವಿಜ್ಞಾನಿಗಳು 2010ರಲ್ಲಿ ಲೋಕದ ಮುಂದಿಟ್ಟರು. ಯೆಸ್ ರುಸ್ಟ್, ಹುಕಂ ಸಿಂಗ್, ಅಶೋಕ್ ಸಾಹ್ನಿ, ಡೇವಿಡ್ ಗ್ರಿಮಾಲ್ಡಿ ಆ ತಂಡದಲ್ಲಿದ್ದರು. 5 ಕೋಟಿ ವರ್ಷಕ್ಕೂ ಹಿಂದಿನ ಆ ಅಂಬರ್ ಒಂದು ಹಳೆಯ ನಂಬಿಕೆಯನ್ನು ಅಲುಗಾಡಿಸಿತು. ಭಾರತ ಒಂಟಿ ದ್ವೀಪವಾಗಿ ತೇಲಿಬಂದು ಏಷ್ಯಾಕ್ಕೆ ಡಿಕ್ಕಿ ಹೊಡೆಯಿತು, ಆದ್ದರಿಂದ ಇಲ್ಲಿನ ಹುಳಹುಪ್ಪಟೆ ಬೇರೆಲ್ಲೂ ಇಲ್ಲದ್ದಾಗಿರಬೇಕು ಎಂದು ಭಾವಿಸಲಾಗಿತ್ತು. ಅಂಬರ್‌ನೊಳಗಿದ್ದವಕ್ಕೆ ಯುರೋಪ್, ಏಷ್ಯಾ, ಅಮೆರಿಕಗಳಲ್ಲಿ ನೆಂಟರಿದ್ದರು. ಅಂದರೆ ಭೂಮಿ ಅಂಟಿಕೊಳ್ಳುವ ಮೊದಲೇ ಜೀವಿಗಳ ಓಡಾಟ ನಡೆದಿತ್ತು. ಇನ್ನೊಂದು ವಿಶೇಷವೂ ಇದೆ. ಈ ಅಂಬರ್ ಪೂರ್ತಿ ಹೆಣೆದುಕೊಂಡಿಲ್ಲ. ದ್ರಾವಕದಲ್ಲಿ ಕರಗಿಸಿ ಹುಳವನ್ನು ಇಡಿಯಾಗಿ ಹೊರತೆಗೆಯಬಹುದು, ಬಾಲ್ಟಿಕ್ ಅಂಬರ್‌ನಲ್ಲಿ ಅದು ಆಗದ ಮಾತು. 2022ರಲ್ಲಿ ‘ಸೈನ್ಸ್’ ಪತ್ರಿಕೆಯ ಪ್ರಬಂಧವೊಂದು ಪರಾಗ ಮತ್ತು ರಾಳದ ರಾಸಾಯನಿಕ ಕುರುಹುಗಳನ್ನು ಹಿಡಿದು, ಡಿಪ್ಟೆರೋಕಾರ್ಪ್‌ಗಳು ಆಫ್ರಿಕಾದಲ್ಲಿ ಹುಟ್ಟಿ, ಭಾರತಕ್ಕೆ ಬಂದು, ಇಲ್ಲಿಂದ ಆಗ್ನೇಯ ಏಷ್ಯಾಕ್ಕೆ ಹರಡಿದವು ಎಂದಿತು. ಕೊರಟಗೆರೆಯ ಗುಡ್ಡದ ಜಾಲಾರಿ ಆ ದಾರಿಯಲ್ಲಿ ಉಳಿದುಕೊಂಡ ಬಳಗದ್ದು.

ಜನರಿಗೆ ಅಂಬರ್ ಎಂದರೆ ನೆನಪಾಗುವುದು 1993ರ ‘ಜುರಾಸಿಕ್ ಪಾರ್ಕ್’. ಅದೇ ವರ್ಷ 12 ಕೋಟಿ ವರ್ಷಕ್ಕೂ ಹಳೆಯ ಸೊಂಡಿಲ ಕೀಟದಿಂದ ಡಿಎನ್‌ಎ ತೆಗೆದೆವೆಂಬ ಪ್ರಬಂಧವೂ ಬಂತು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನವರು 1997ರಲ್ಲಿ ಇಂಥ ಪ್ರಯೋಗಗಳನ್ನು ಮತ್ತೆ ಮಾಡಿದಾಗ ಏನೂ ಸಿಗಲಿಲ್ಲ. 2020ರಲ್ಲಿ ಡಿಎನ್‌ಎ ಸಿಕ್ಕಿತು, ಆದರೆ ಅದು ಮಡಗಾಸ್ಕರದ ಮರಗಳ ರಾಳದಲ್ಲಿದ್ದ, 2 ಮತ್ತು 6 ವರ್ಷ ಹಳೆಯ ದುಂಬಿಗಳಿಂದ! ಡೈನೊಸಾರ್ ಕನಸಿಗೆ ಇದು ತಣ್ಣೀರು. ನನಗೆ ಕಾಣುವುದು ಬೇರೆ ಸಂಗತಿ: ಅಂಬರ್ ವಿಜ್ಞಾನ ಈಗ ಹಸಿ ರಾಳದ ಕಡೆಗೆ ತಿರುಗಿದೆ.

ಈ ತಿರುವಿನ ಮುಖ್ಯ ಕೆಲಸವೂ ಮಡಗಾಸ್ಕರದ್ದೇ, 2018ರದ್ದು. ಸೊಲೊರ್ಜಾನೊ ಕ್ರೇಮರ್ ನೇತೃತ್ವದ ತಂಡ ಅಲ್ಲಿನ ಹೈಮೆನಿಯಾ ಮರಗಳ ರಾಳದಲ್ಲಿ ಸಿಕ್ಕ ಹುಳಗಳನ್ನೂ ಅದೇ ಕಾಡಿನಲ್ಲಿ ಇಟ್ಟ ಬಲೆಗಳಿಗೆ ಬಿದ್ದ ಹುಳಗಳನ್ನೂ ಹೋಲಿಸಿತು. ಶಿರಾ, ಪಾವಗಡದ ದಾಳಿಂಬೆ, ಟೊಮೆಟೊ ತೋಟಗಳಲ್ಲಿ ತೂಗಾಡುವಂಥ ಹಳದಿ ಅಂಟು ಬಲೆಗಳೇ ಅಲ್ಲಿ ಬಳಕೆಯಾದವು, ಜತೆಗೆ ಡೇರೆಯಂಥ ಬಟ್ಟೆಯ ಬಲೆ. ರಾಳ ಹಿಡಿದಿಟ್ಟದ್ದು ಮರದ ಕಾಂಡದ ಮೇಲೆ ಮತ್ತು ಅದರ ಆಸುಪಾಸಿನಲ್ಲಿ ಬಾಳುವ ಜೀವಿಗಳನ್ನು, ಇಡೀ ಕಾಡನ್ನಲ್ಲ. ಹಾಗಾಗಿ ಅಂಬರ್‌ನಲ್ಲಿ ಚಿಟ್ಟೆ ಅಪರೂಪವೆಂದರೆ ಆ ಕಾಲದ ಕಾಡಿನಲ್ಲಿ ಚಿಟ್ಟೆಯೇ ಕಡಿಮೆಯಿತ್ತು ಎಂದು ತೀರ್ಮಾನಿಸುವಂತಿಲ್ಲ. ಯಾವ ಮರ ಏನನ್ನು ಹಿಡಿಯುತ್ತದೆ, ಏನನ್ನು ಬಿಡುತ್ತದೆ ಎಂಬ ಲೆಕ್ಕ ಜೀವಂತ ಮರದಲ್ಲಿ ಸಿಗದ ಹೊರತು ಸತ್ತ ಕಾಡಿನ ಬಗ್ಗೆ ಹೇಳುವ ಮಾತಿಗೆ ಆಧಾರ ಸಾಲದು.

ಈ ಲೆಕ್ಕ ನಮ್ಮ ಮರಗಳಲ್ಲೂ ಆಗಬೇಕು. ಗುಜರಾತಿನದು ಆಗ ಮಳೆಕಾಡು, ತುಮಕೂರಿನದು ಒಣಕಾಡು, ಹೋಲಿಕೆ ಹೇಗೆ ಸರಿ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಹಾಗಿದ್ದರೆ ಎರಡನ್ನೂ ಓದಬಹುದಲ್ಲ? ಮಲೆನಾಡಿನ ಸಾಲುಧೂಪವೂ ಡಿಪ್ಟೆರೋಕಾರ್ಪ್. ಒಂದೇ ಕುಟುಂಬದ ಮರ ಮಳೆಕಾಡಿನಲ್ಲಿ ಏನನ್ನು ಹಿಡಿಯುತ್ತದೆ, ಬಯಲುಸೀಮೆಯ ಬಿಸಿಲಿನಲ್ಲಿ ಏನನ್ನು ಹಿಡಿಯುತ್ತದೆ ಎಂದು ಅಕ್ಕಪಕ್ಕ ಇಟ್ಟು ನೋಡುವ ಅನುಕೂಲ ಕರ್ನಾಟಕಕ್ಕಿದೆ. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಮರ ತಾನಾಗಿ ಒಸರಿದ ರಾಳವನ್ನಷ್ಟೇ ತೆಗೆಯಬೇಕು (ಕಾಂಡ ಕಚ್ಚುಮಾಡುವ ಚಟ ಬೇಡ), ಸೂಕ್ಷ್ಮದರ್ಶಕ ಬೇಕು, ಹುಳ ಗುರುತಿಸಬಲ್ಲವರು ಬೇಕು. ತುಮಕೂರು ವಿಶ್ವವಿದ್ಯಾಲಯ ಹತ್ತಿರದಲ್ಲೇ ಇದೆ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟಶಾಸ್ತ್ರ ವಿಭಾಗವಿದೆ, ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ. ಜಾಲಾರಿ ವಿಜ್ಞಾನಕ್ಕೆ ಹೊಸದೂ ಅಲ್ಲ. ಹಳೆಯ ಮೈಸೂರು ಸಂಸ್ಥಾನದಲ್ಲಿ ಅರಗಿನ ಹುಳಕ್ಕೆ ಅದು ಹೆಸರಾದ ಆಸರೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಎಸ್. ಮಹ್ದಿಹಸನ್ 1920ರ ದಶಕದಲ್ಲೇ ಆ ಹುಳಗಳ ಅಧ್ಯಯನ ಮಾಡಿದ್ದರು.

ಆದರೆ ಮರ ಉಳಿದಿರಬೇಕಲ್ಲ. ಜಾಲಾರಿ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಅಪಾಯದಲ್ಲಿರುವ ಮರಗಳ ಸಾಲಿನಲ್ಲಿದೆ. ಬುಕ್ಕಾಪಟ್ಟಣ 2019ರಲ್ಲಿ ವನ್ಯಜೀವಿ ಧಾಮವಾಯಿತು, ಆದರೆ ಅದು ಚಿಂಕಾರದ ಹೆಸರಿನಲ್ಲಿ, ಕಮರದ ಹೆಸರಿನಲ್ಲಲ್ಲ. ಕಮರದ ಸೊಪ್ಪು ಮೇವಿಗೆ, ಮರ ನೇಗಿಲಿಗೆ ಹೋಗುತ್ತಿದ್ದ ಕಾಲದಿಂದಲೂ ರೆಂಬೆ ಕಡಿತ ತಪ್ಪಿಲ್ಲ. ಬೇಸಿಗೆಯಲ್ಲಿ ಬೋಡುಗುಡ್ಡಗಳಿಗೆ ಬೀಳುವ ಬೆಂಕಿಗೆ ರಾಳವೇ ಮೊದಲು ಉರಿಯುವ ಸರಕು. ಪಾವಗಡದಲ್ಲಿ 2,050 ಮೆಗಾವಾಟ್‌ನ ಸೌರಪಾರ್ಕ್‌ಗೆ ಸುಮಾರು 13,000 ಎಕರೆ ಹೊಂದಿಸಲು ಸಾಧ್ಯವಾದ ಸರ್ಕಾರಕ್ಕೆ ಈ ಎರಡು ಮರಗಳ ಕೆಲವು ತೋಪುಗಳನ್ನು ಗುರುತಿಸಿ, ಸಂಶೋಧನೆಗೆ ಅನುಮತಿ ಸಲೀಸು ಮಾಡುವುದು ಕಷ್ಟದ ಕೆಲಸವಲ್ಲ.

2002ರ ಜೀವವೈವಿಧ್ಯ ಕಾಯ್ದೆಯಡಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಇರಬೇಕು, ಅವು ಜನತಾ ದಾಖಲೆ ಬರೆದಿಡಬೇಕು. ನಾಲ್ಕೂ ತಾಲ್ಲೂಕುಗಳ ಸಮಿತಿಗಳು ಆ ದಾಖಲೆಯಲ್ಲಿ ಜಾಲಾರಿ, ಕಮರ ಎಲ್ಲೆಲ್ಲಿವೆ, ರಾಳ ಯಾವ ತಿಂಗಳು ಒಸರುತ್ತದೆ, ಅದಕ್ಕೆ ಯಾವ ಹುಳ ಅಂಟುತ್ತದೆ ಎಂಬಷ್ಟನ್ನು ಈ ವರ್ಷವೇ ಸೇರಿಸಲಿ. ಆ ಗುಡ್ಡಗಳಲ್ಲಿ ಕುರಿ ಮೇಯಿಸುವವರನ್ನು ಕೇಳಿದರೆ ಅರ್ಧ ಉತ್ತರ ಅಲ್ಲೇ ಸಿಕ್ಕೀತು.