ಮುಷ್ಕರ ಮುಗಿಸುವ ಹಕ್ಕು ಯಾರದು?

ಅಮೆರಿಕದ ಓಕ್ಲಹೋಮಾ ರಾಜ್ಯ ಸರ್ಕಾರ ಹತ್ತು ವರ್ಷ ತೈಲದ ಧಣಿಗಳಿಗೆ ತೆರಿಗೆ ಇಳಿಸಿ, ಶಾಲೆಗಳ ಹಣಕ್ಕೆ ಕತ್ತರಿ ಹಾಕಿತು. ಮಕ್ಕಳ ಕೈಗೆ ಹರಿದ ಪುಸ್ತಕ. ಎಷ್ಟೋ ಊರುಗಳಲ್ಲಿ ವಾರಕ್ಕೆ ನಾಲ್ಕೇ ದಿನ ಪಾಠ. 2018ರ ಏಪ್ರಿಲ್ 2ರಂದು ಉಪಾಧ್ಯಾಯರು ಬೀದಿಗಿಳಿದರು. ಸಂಬಳ ಏರಿಸುವ ಕಾನೂನು ಅದಕ್ಕೂ ಮೊದಲೇ ಆಗಿತ್ತು. ಅವರು ಹೊರಬಂದದ್ದು ಶಾಲೆಗಳಿಗಾಗಿ. ವರ್ತಕ ಮಿತ್ರರು ಇದನ್ನು ಗಮನಿಸಬೇಕು.

ಏಪ್ರಿಲ್ 12ರಂದು ಸಂಘದ ಮುಖಂಡರು ಮುಷ್ಕರ ಮುಗಿಯಿತೆಂದು ಸಾರಿದರು. ಕೇಳಿದ್ದ 20 ಕೋಟಿ ಡಾಲರಿನ ಬಹುಭಾಗ ಕೈಸೇರಿರಲಿಲ್ಲ. ಅನೇಕ ಉಪಾಧ್ಯಾಯರು ಸಿಟ್ಟಾದರು; ಆ ಸಿಟ್ಟು ನ್ಯಾಯವೆಂದೇ ನಮ್ಮ ಅಭಿಪ್ರಾಯ. ಸದಸ್ಯರನ್ನು ವಿಚಾರಿಸಿದೆವೆಂದರು ಮುಖಂಡರು. ವಿಚಾರಿಸುವುದು ಬೇರೆ, ಸಭೆ ಕರೆದು ಕೈ ಎತ್ತಿಸುವುದು ಬೇರೆ. ಗಿರಣಿಯ ಬಾಗಿಲಲ್ಲಿ ನಿಂತವರಿಗೆ ಇದು ಗೊತ್ತು. ಆದರೆ ಸಿಟ್ಟಿನಿಂದ ಸಂಘವನ್ನೇ ಬಿಡುವುದನ್ನು ನಾವು ಒಪ್ಪೆವು. ಚಂದಾ ಕಟ್ಟಿ, ಒಳಗೇ ನಿಂತು, ಬೇಡವಾದ ಮುಖಂಡರನ್ನು ಬದಲಿಸಲಿ.